ಪ್ಯಾಕೇಜ್ ಇಲ್ಲದೆ ಅಂಡಮಾನ್‌ಗೆ ಹೋಗೋದು ಹೇಗೆ? ರೂಮ್‌ಗಿಂತ ಮೊದಲು ಹಡಗು ನೋಡಿ

ಅಡಿಕೆ ದುಡ್ಡು ಕೈಗೆ ಬಂದು, ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಪೇಟೆಯ ಅಂಗಡಿಗಳಲ್ಲಿ ಟೂರಿನ ಮಾತು ಶುರುವಾಗುತ್ತದೆ. ಈಗೀಗ ಈ ಮಾತಿನಲ್ಲಿ ಗೋವಾ, ಊಟಿ ಜೊತೆಗೆ ಅಂಡಮಾನ್ ಹೆಸರೂ ಬರುತ್ತಿದೆ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ಬೆಂಗಳೂರಿನಿಂದ ವಿಮಾನ ಹತ್ತಿದರೆ ಆಯ್ತು. ಆದರೆ ಏಜೆಂಟ್ ಹೇಳುವ ಪ್ಯಾಕೇಜ್ ದರ ಕೇಳಿದ ಮೇಲೆ ಬಹಳ ಜನ ಸುಮ್ಮನಾಗುತ್ತಾರೆ.

ಅಲ್ಲಿ ದೊಡ್ಡ ರೆಸಾರ್ಟ್ ಮಾತ್ರ ಇರೋದಲ್ಲ. ಸಮುದ್ರದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಮನೆಯವರೇ ನಡೆಸುವ ಸಣ್ಣ ಗೆಸ್ಟ್ ಹೌಸ್‌ಗಳು, ತೋಟದೊಳಗಿನ ಮರದ ಗುಡಿಸಲುಗಳು ಬೇಕಾದಷ್ಟಿವೆ. ಅಗ್ಗದ ರೂಮ್ ಹುಡುಕೋದು ಕಷ್ಟವಲ್ಲ. ರೂಮ್ ಎಲ್ಲಿದೆ, ಯಾವ ರಾತ್ರಿಗೆ ಎಲ್ಲಿ ಇರಬೇಕು ಅನ್ನೋದರಲ್ಲಿ ತಪ್ಪಿದರೆ ಮಾತ್ರ ಉಳಿಸಿದ್ದೆಲ್ಲ ಹೋಗುತ್ತದೆ.

ಯಾವ ದ್ವೀಪ, ಯಾವ ಹೆಸರು?

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಬೇಕು. ಹ್ಯಾವ್‌ಲಾಕ್ ದ್ವೀಪಕ್ಕೆ 2018ರ ಡಿಸೆಂಬರ್‌ನಿಂದ ಸ್ವರಾಜ್ ದ್ವೀಪ ಎಂದು ಹೆಸರು. ನೀಲ್ ದ್ವೀಪ ಆಗಲೇ ಶಹೀದ್ ದ್ವೀಪ ಆಯಿತು. ವಿಮಾನ ಇಳಿಯುವ ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಡಲಾಗಿದೆ. ಬುಕಿಂಗ್ ಮಾಡುವಾಗ ಹಳೆ ಹೆಸರು, ಹೊಸ ಹೆಸರು ಎರಡೂ ಕಾಣುತ್ತವೆ. ಬೇರೆ ಬೇರೆ ಊರು ಅಂದುಕೊಂಡು ಎರಡು ಕಡೆ ರೂಮ್ ಮಾಡಬೇಡಿ.

ಸ್ವರಾಜ್ ದ್ವೀಪದಲ್ಲಿ ಹಳ್ಳಿ, ಬೀಚುಗಳನ್ನು ಜನ ನಂಬರಿನಿಂದಲೇ ಕರೆಯುತ್ತಾರೆ. ಹಡಗು ನಿಲ್ಲುವ ಜೆಟ್ಟಿ 1ನೇ ನಂಬರ್. ಅಂಗಡಿ, ಹೋಟೆಲ್ ಇರುವ ಗೋವಿಂದನಗರದ ಪೇಟೆ 3ನೇ ನಂಬರ್. ಕಡಿಮೆ ದರದ ಗೆಸ್ಟ್ ಹೌಸ್ ಹೆಚ್ಚಿರುವ ವಿಜಯನಗರ 5ನೇ ನಂಬರ್. ಹೆಸರುವಾಸಿ ರಾಧಾನಗರ ಬೀಚ್ 7ನೇ ನಂಬರ್. ಜೆಟ್ಟಿಯಿಂದ ರಾಧಾನಗರಕ್ಕೆ ಸುಮಾರು 12 ಕಿಲೋಮೀಟರ್.

1947ರ ನಂತರ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಸರ್ಕಾರ ಈ ದ್ವೀಪಗಳಲ್ಲಿ ಜಮೀನು ಕೊಟ್ಟಿತ್ತು. ಆ ಜಮೀನಿನಲ್ಲಿ ಬೆಳೆದದ್ದು ತೆಂಗು, ಅಡಿಕೆ. ಹಲವು ಗೆಸ್ಟ್ ಹೌಸ್ ಇರೋದು ಇಂಥ ತೋಟಗಳ ನಡುವೆಯೇ. ಮಲೆನಾಡಿನವರಿಗೆ ಸಮುದ್ರ ಹೊಸದೆನಿಸಬಹುದು, ತೋಟ ಮಾತ್ರ ನಮ್ಮ ಮನೆ ಹಿಂದಿನದೇ ಅನ್ನಿಸುತ್ತದೆ.

ರೂಮ್ ಎಲ್ಲಿದ್ದರೆ ಒಳ್ಳೇದು?

ರಾಧಾನಗರದ ಬೀಚಿಗೆ ಜನ ಹೋಗೋದು ಸೂರ್ಯಾಸ್ತ ನೋಡಲಿಕ್ಕೆ. ಅಲ್ಲಿ ರೂಮ್ ಕಡಿಮೆ, ದರ ಜಾಸ್ತಿ. 5ನೇ ನಂಬರಿನಲ್ಲಿ ಉಳಿದುಕೊಂಡು ಸಂಜೆಗೆ ಹೋಗಿ ಬರೋದು ಸುಲಭ. ಬಸ್ ಇದೆ, ಆದರೆ ನಮ್ಮ ಹಳ್ಳಿ ಬಸ್ಸಿನ ಹಾಗೆ, ದಿನಕ್ಕೆ ಕೆಲವೇ ಟ್ರಿಪ್. ಕೊನೆ ಬಸ್ ತಪ್ಪಿದರೆ ಆಟೋದವರು ಹೇಳಿದ್ದೇ ರೇಟು. ಸ್ಕೂಟರ್ ಬಾಡಿಗೆಗೆ ಸಿಗುತ್ತದೆ. ಲೈಸೆನ್ಸ್ ಜೊತೆಯಲ್ಲಿರಲಿ, ಹೆಲ್ಮೆಟ್ ಕೇಳಿ ಪಡೆಯಿರಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರೋದಿಲ್ಲ. ಅಂಡಮಾನ್ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರ್‌ನಲ್ಲಿ ಸಂಜೆ ಐದರ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ. ಊಟ ಮಾಡಿ ಒಂದು ನಿದ್ದೆ ತೆಗೆದು ಹೊರಟರೆ ಕತ್ತಲೆಯೇ ಗತಿ. ಮೂರು ಗಂಟೆಗೆಲ್ಲ ರೂಮ್ ಬಿಡಬೇಕು.

5ನೇ ನಂಬರಿನ ಬೀಚ್ ಎದುರಿಗೇ ಇದ್ದರೂ ಇಳಿತದ ಹೊತ್ತಿಗೆ ನೀರು ದೂರ ಸರಿದು ಕಲ್ಲು, ಹವಳದ ತುಂಡು ಕಾಣುತ್ತದೆ. ಬೆಳಗಿನ ಸೂರ್ಯನಿಗೆ ಚೆಂದ, ಈಜಿಗೆ ಅಲ್ಲ. ‘ಬೀಚ್ ಫ್ರಂಟ್’ ಅಂತ ಹೆಚ್ಚಿಗೆ ಕೊಡುವ ಮೊದಲು ಇದು ತಲೆಯಲ್ಲಿರಲಿ. ಈ ದ್ವೀಪಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ರಾಧಾನಗರದ ಪಕ್ಕದ ನೀಲ್ಸ್ ಕೋವ್‌ನಲ್ಲಿ ಪ್ರವಾಸಿ ಮಹಿಳೆಯೊಬ್ಬರು ಮೊಸಳೆಗೆ ಬಲಿಯಾಗಿದ್ದರು. ಬೋರ್ಡ್ ಇದ್ದ ಕಡೆ, ಲೈಫ್‌ಗಾರ್ಡ್ ಬೇಡ ಅಂದ ಕಡೆ ನೀರಿಗೆ ಇಳಿಯಬಾರದು.

ಶಹೀದ್ ದ್ವೀಪ ಇನ್ನೂ ಚಿಕ್ಕದು. ಸೈಕಲ್‌ನಲ್ಲೇ ಸುತ್ತಬಹುದು. ಭರತ್‌ಪುರ ಬೀಚ್ ಜೆಟ್ಟಿ ಪಕ್ಕದಲ್ಲೇ ಇದೆ, ಸೂರ್ಯಾಸ್ತಕ್ಕೆ ಲಕ್ಷ್ಮಣಪುರ, ಸೂರ್ಯೋದಯಕ್ಕೆ ಸೀತಾಪುರ. ಅಲ್ಲಿನ ಕಲ್ಲಿನ ಸೇತುವೆ ನೋಡಲು ಇಳಿತದ ಹೊತ್ತೇ ಬೇಕು. ಆ ದಿನ ಇಳಿತ ಎಷ್ಟು ಗಂಟೆಗೆ ಅಂತ ಗೆಸ್ಟ್ ಹೌಸಿನವರನ್ನು ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ.

ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗೆ ಹೋಗುವವರು ಶ್ರೀ ವಿಜಯಪುರಂನಲ್ಲೇ ಉಳಿಯೋದು ವಾಡಿಕೆ. ದಾರಿ ಜಾರವಾ ಬುಡಕಟ್ಟಿನವರ ಮೀಸಲು ಕಾಡಿನ ನಡುವೆ ಹೋಗುತ್ತದೆ. ನಿಗದಿತ ಸಮಯಕ್ಕೆ ವಾಹನಗಳನ್ನು ಸಾಲಾಗಿ ಬಿಡುತ್ತಾರೆ, ನಸುಕಿನಲ್ಲೇ ಹೊರಡಬೇಕು. ನಡುವೆ ಗಾಡಿ ನಿಲ್ಲಿಸೋದು, ಅವರ ಫೋಟೋ ತೆಗೆಯೋದು, ತಿಂಡಿ ಕೊಡೋದು ಎಲ್ಲವೂ ಅಪರಾಧ. ಅವರು ನೋಡುವ ವಸ್ತುವಲ್ಲ, ಅದು ಅವರ ಮನೆ.

ದುಡ್ಡು ಹೋಗೋದು ಎಲ್ಲಿ?

ದ್ವೀಪದಿಂದ ದ್ವೀಪಕ್ಕೆ ಹಡಗೇ ದಾರಿ. ಸರ್ಕಾರಿ ಹಡಗಿನ ಟಿಕೆಟ್ ಅಗ್ಗ, ಆದರೆ ಸೀಸನ್‌ನಲ್ಲಿ ಬೇಗ ಖಾಲಿ. ಅಲ್ಲಿನ ಜನ ಆಸ್ಪತ್ರೆ, ಕಚೇರಿ ಕೆಲಸಕ್ಕೆ ಓಡಾಡೋದೂ ಅದರಲ್ಲೇ. ಖಾಸಗಿ ಹಡಗು ಬೇಗ ತಲುಪಿಸುತ್ತದೆ, ಒಬ್ಬರಿಗೆ ಸಾವಿರ ರೂಪಾಯಿ ದಾಟುತ್ತದೆ. ಹಾಗಾಗಿ ಮೊದಲು ಹಡಗಿನ ಸೀಟು ನೋಡಿ, ಆಮೇಲೆ ಆ ದಿನಕ್ಕೆ ರೂಮ್ ಮಾಡಬೇಕು. ಬಹಳ ಜನ ಇದನ್ನೇ ತಿರುಗುಮುರುಗು ಮಾಡುತ್ತಾರೆ.

ಸಮುದ್ರ ಕೆಟ್ಟರೆ ಹಡಗು ಬಿಡೋದಿಲ್ಲ. ಇದು ಯಾರ ಕೈಯಲ್ಲೂ ಇಲ್ಲ. ಒಂದು ಲೆಕ್ಕ ಹಾಕಿ ನೋಡಿ. ರೆಸಾರ್ಟ್‌ಗೆ ದಿನಕ್ಕೆ 5,000, ಗೆಸ್ಟ್ ಹೌಸ್‌ಗೆ 1,500 ಅಂತ ಇಟ್ಟುಕೊಂಡರೆ ಮೂರು ರಾತ್ರಿಗೆ ಉಳಿಯೋದು 10,500 ರೂಪಾಯಿ. ವಾಪಸ್ ವಿಮಾನದ ದಿನ ಬೆಳಿಗ್ಗೆ ಸ್ವರಾಜ್ ದ್ವೀಪದಿಂದ ಹೊರಡೋಣ ಅಂತ ಕೂತು, ಹಡಗು ರದ್ದಾಗಿ ವಿಮಾನ ತಪ್ಪಿತು ಅನ್ನಿ. ಕಡೆ ಗಳಿಗೆಯ ಟಿಕೆಟ್ ತಲೆಗೆ 8,000 ಆದರೂ ನಾಲ್ಕು ಜನಕ್ಕೆ 32,000. ಮೇಲೆ ಅಂಗಡಿ ಬಾಗಿಲು ಇನ್ನೊಂದು ದಿನ ಮುಚ್ಚಿರುತ್ತದೆ.

ಅದಕ್ಕೇ ಕೊನೆಯ ರಾತ್ರಿ ಶ್ರೀ ವಿಜಯಪುರಂನಲ್ಲೇ ಇರಬೇಕು. ಮೊದಲ ರಾತ್ರಿ ಅಲ್ಲಿ, ಎರಡು ರಾತ್ರಿ ಸ್ವರಾಜ್ ದ್ವೀಪ, ಒಂದು ರಾತ್ರಿ ಶಹೀದ್ ದ್ವೀಪ, ಕೊನೆಯ ರಾತ್ರಿ ಮತ್ತೆ ಶ್ರೀ ವಿಜಯಪುರಂ. ಐದು ರಾತ್ರಿಗೆ ಇದು ಸರಿಯಾದ ಸಾಲು.

ತಿಂಗಳೂ ನೋಡಬೇಕು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ. ಬೇಸಿಗೆ ರಜೆಗೆ ಹೋಗೋದಾದರೆ ಏಪ್ರಿಲ್‌ನಲ್ಲೇ ಮುಗಿಸೋದು ವಾಸಿ. ಮೇ ತಿಂಗಳಿಗೆ ಅಲ್ಲಿ ಮಳೆಗಾಲ ಶುರುವಾಗುತ್ತದೆ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೂ ಏಳುತ್ತದೆ. ದಸರಾ ರಜೆಯಲ್ಲೂ ಮಳೆ ಇರುತ್ತದೆ, ರೂಮ್ ಅಗ್ಗ ಸಿಗೋದು ಅದಕ್ಕೇ.

ಫೋನ್ ಮಾಡಿ ಕೇಳಬೇಕಾದ್ದು

• ಬಚ್ಚಲುಮನೆ ರೂಮಿಗೆ ಸೇರಿದ್ದೋ, ಎಲ್ಲರಿಗೂ ಒಂದೋ? ಕಡಿಮೆ ದರದ ಗುಡಿಸಲಿನಲ್ಲಿ ಎರಡನೆಯದೇ ಇರಬಹುದು.
• ಕರೆಂಟ್ ಹೋದರೆ ಜನರೇಟರ್ ಅಥವಾ ಇನ್ವರ್ಟರ್ ಇದೆಯಾ? ಸೊಳ್ಳೆಪರದೆ ಕೊಡುತ್ತಾರಾ?
• ಬೇಸಿಗೆಯಲ್ಲಿ ನೀರಿಗೆ ತೊಂದರೆ ಇದೆಯಾ? ಸಣ್ಣ ದ್ವೀಪದಲ್ಲಿ ಸಿಹಿನೀರು ಕಡಿಮೆ.
• ಸಸ್ಯಾಹಾರದ ಅಡುಗೆ ಬೇರೆ ಮಾಡಿಕೊಡುತ್ತಾರಾ? ಅಲ್ಲಿ ದಿನದ ಊಟ ಅನ್ನ, ಮೀನು.
• ಹಡಗು ರದ್ದಾಗಿ ಬರಲಾಗದಿದ್ದರೆ ಮುಂಗಡ ವಾಪಸ್ಸಾ, ಇಲ್ಲ ದಿನ ಮುಂದಕ್ಕೆ ಹಾಕುತ್ತಾರಾ?

ಕೊನೆಯ ಪ್ರಶ್ನೆಗೆ ಬಂದ ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಎಟಿಎಂ ಕಡಿಮೆ ಇರುವುದರಿಂದ ಸ್ವಲ್ಪ ನಗದು, ಎಲ್ಲರ ಆಧಾರ್ ಪ್ರತಿ ಜೊತೆಗಿರಲಿ. ಬರುವಾಗ ಬೀಚಿನ ಚಿಪ್ಪು, ಹವಳದ ತುಂಡು ಮಕ್ಕಳ ಬ್ಯಾಗಿನಲ್ಲಿ ಉಳಿದಿಲ್ಲ ತಾನೇ ಅಂತ ಒಮ್ಮೆ ನೋಡಿ. ಹವಳ ತರೋದು ವನ್ಯಜೀವಿ ಕಾಯ್ದೆಯಡಿ ಅಪರಾಧ, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ಆಗುತ್ತದೆ.