ಸಸ್ಯಲೇಪಗಳು ಮತ್ತು ಹಗುರ ಕಾಂಕ್ರೀಟು: ಪಾರಂಪರಿಕ ಅರಿವಿನ ಅನ್ವಯ ಹಾಗೂ ಮಿತಿ

ಜಾನಪದವನ್ನು ಹಾಡು, ಕಥೆ, ಗಾದೆಗಳಿಗೆ ಸೀಮಿತಗೊಳಿಸುವ ದೃಷ್ಟಿ ಇಂದು ಹಿಂದೆ ಸರಿದಿದೆ. ಗಾರೆ ಅರೆಯುವವನ ಕೈಹದ, ದೋಣಿಗೆ ಎಣ್ಣೆ ಸವರುವವನ ಲೆಕ್ಕಾಚಾರ ಇವೂ ಜನಪದ ತಂತ್ರಜ್ಞಾನದ ಭಾಗಗಳೇ ಆಗಿವೆ. ಗಿಡಮರಗಳ ರಸ, ಅಂಟು, ಎಣ್ಣೆಗಳಿಂದ ಕಟ್ಟಡ ಸಾಮಗ್ರಿಯ ಮೇಲ್ಮೈಯನ್ನು ಸಂಸ್ಕರಿಸುವ ಪದ್ಧತಿಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು. ಇದೇ ತತ್ತ್ವ ಇಂದು ಹಗುರ ಕಾಂಕ್ರೀಟಿನ ಸಂಶೋಧನೆಯಲ್ಲಿ ಮತ್ತೆ ಕಾಣಿಸಿಕೊಂಡಿದೆ.

ಸಾಮಾನ್ಯ ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 2400 ಕಿಲೋಗ್ರಾಂ. ಜಲ್ಲಿಯ ಸ್ಥಾನದಲ್ಲಿ ರಂಧ್ರಮಯ ವಸ್ತುವನ್ನು ಬಳಸಿದರೆ ಈ ತೂಕ 2000ಕ್ಕಿಂತ ಕೆಳಗಿಳಿಯುತ್ತದೆ. ಪ್ಯೂಮಿಸ್ ಕಲ್ಲು, ಉಬ್ಬಿಸಿ ಸುಟ್ಟ ಜೇಡಿಮಣ್ಣಿನ ಗುಂಡುಗಳು, ಹಾರುಬೂದಿಯ ಉಂಡೆಗಳು, ತೆಂಗಿನ ಚಿಪ್ಪು, ಸೆಣಬು ಮತ್ತು ಅಗಸೆ ಕಾಂಡದ ಚೂರುಗಳು ಇಂತಹ ವಸ್ತುಗಳು. ಆದರೆ ಹಗುರತನಕ್ಕೆ ಕಾರಣವಾದ ರಂಧ್ರಗಳೇ ತೊಡಕಿಗೂ ಕಾರಣ. ಅವು ಮಿಶ್ರಣದ ನೀರನ್ನು ಹೀರಿಕೊಳ್ಳುವುದರಿಂದ ಹದ ಕೆಡುತ್ತದೆ. ಸಸ್ಯಮೂಲದ ಚೂರುಗಳಲ್ಲಿ ಇನ್ನೊಂದು ತೊಂದರೆಯೂ ಉಂಟು: ಅವುಗಳಿಂದ ಕರಗಿ ಹೊರಬರುವ ಸಕ್ಕರೆಯ ಅಂಶ ಸಿಮೆಂಟು ಗಟ್ಟಿಯಾಗುವುದನ್ನು ತಡೆಯುತ್ತದೆ.

ಇದಕ್ಕೆ ಪರಿಹಾರವಾಗಿ ಚೂರುಗಳನ್ನು ಬಿಸಿನೀರಿನಲ್ಲಿ ಕುದಿಸಿ ತೊಳೆಯುವುದು, ಇಲ್ಲವೇ ಅವುಗಳಿಗೆ ಲೇಪ ಕೊಡುವುದು ರೂಢಿಯಲ್ಲಿದೆ. ಫ್ರಾನ್ಸಿನ ಸಂಶೋಧಕರು ಅಗಸೆ ಕಾಂಡದ ಚೂರುಗಳಿಗೆ ಅಗಸೆ ಎಣ್ಣೆಯನ್ನೇ ಸವರಿ ಪರೀಕ್ಷಿಸಿದ್ದಾರೆ. ಅಗಸೆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಕ್ರಮೇಣ ಗಟ್ಟಿಪದರವಾಗುತ್ತದೆ. ಆ ಪದರ ನೀರು ಒಳಗೆ ಹೋಗುವುದನ್ನೂ ಸಕ್ಕರೆ ಹೊರಗೆ ಬರುವುದನ್ನೂ ತಗ್ಗಿಸುತ್ತದೆ. ಲೇಪ ಅತಿಯಾದರೆ ಮಾತ್ರ ಸಿಮೆಂಟಿಗೂ ಚೂರಿಗೂ ನಡುವಿನ ಹಿಡಿತ ಸಡಿಲಗೊಳ್ಳಬಹುದು. ಅಲ್ಲದೆ ಸಿಮೆಂಟಿನ ತೀವ್ರ ಕ್ಷಾರಗುಣ ಎಣ್ಣೆಯ ಅಂಶಗಳನ್ನು ಒಡೆಯಬಲ್ಲದು. ಆದ್ದರಿಂದ ಲೇಪದ ಪ್ರಮಾಣ, ಒಣಗುವ ಅವಧಿ ಇವೆರಡೂ ನಿರ್ಣಾಯಕ.

ಅಗಸೆಗೆ ಭಾರತೀಯ ಪರಂಪರೆಯಲ್ಲಿಯೂ ಈ ಪಾತ್ರ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ವಜ್ರಲೇಪಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಎಳೆಯ ತೂಬರೆ ಮತ್ತು ಬೇಲದ ಕಾಯಿ, ಬೂರುಗದ ಹೂ, ಸಲ್ಲಕಿಯ ಬೀಜ, ಧನ್ವನದ ತೊಗಟೆ, ಬಜೆ ಇವುಗಳನ್ನು ಒಂದು ದ್ರೋಣ ನೀರಿನಲ್ಲಿ ಎಂಟನೆಯ ಒಂದು ಭಾಗಕ್ಕೆ ಇಂಗುವವರೆಗೆ ಕುದಿಸಿ, ಗುಗ್ಗುಳ, ಗೇರು, ರಾಳ, ಅಗಸೆ, ಬಿಲ್ವ ಮೊದಲಾದವನ್ನು ಬೆರೆಸಬೇಕೆಂದು ಅಲ್ಲಿ ಹೇಳಿದೆ. ಈ ಲೇಪವನ್ನು ಬಿಸಿಯಾಗಿರುವಾಗಲೇ ಪ್ರಾಸಾದ, ಪ್ರತಿಮೆ, ಗೋಡೆ, ಬಾವಿಗಳಿಗೆ ಬಳಿಯಬೇಕು. ಕರಾವಳಿಯಲ್ಲಿ ಮರದ ದೋಣಿಗಳಿಗೆ ಹೊನ್ನೆ ಎಣ್ಣೆ, ಗೋಡಂಬಿ ಸಿಪ್ಪೆಯ ಎಣ್ಣೆ ಸವರುವ ವಾಡಿಕೆಯ ಹಿಂದೆಯೂ ನೀರನ್ನು ದೂರವಿಡುವ ಇದೇ ಉದ್ದೇಶವಿದೆ.

ಆದರೆ ಪರಂಪರೆಯ ಪಾಕವನ್ನು ಸಂದರ್ಭದಿಂದ ಬೇರ್ಪಡಿಸಿ ಎತ್ತಿಕೊಳ್ಳುವುದು ಅಪಾಯಕಾರಿ. ಬೆಲ್ಲದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುವುದು ದಕ್ಷಿಣ ಭಾರತದ ಹಳೆಯ ರೂಢಿ. ಸಕ್ಕರೆಯ ಅಂಶವಿರುವ ನೀರಿನಲ್ಲಿ ಸುಣ್ಣ ಹೆಚ್ಚು ಕರಗುವುದರಿಂದ ಗಾರೆಯ ಹದ ಸುಧಾರಿಸುತ್ತದೆ. ಅದೇ ಬೆಲ್ಲ ಸಿಮೆಂಟಿಗೆ ಬಿದ್ದರೆ ಅದು ಸಕಾಲದಲ್ಲಿ ಗಟ್ಟಿಯಾಗುವುದಿಲ್ಲ. ಒಂದೆಡೆ ಗುಣವಾದದ್ದು ಇನ್ನೊಂದೆಡೆ ದೋಷವಾಗುತ್ತದೆ. ‘ಹಿರಿಯರು ಬೆಲ್ಲ ಹಾಕುತ್ತಿದ್ದರು’ ಎಂಬ ದಾಖಲೆ ಮಾತ್ರ ಉಳಿದು, ಯಾವ ಬಂಧಕಕ್ಕೆ, ಎಷ್ಟು ದಿನ ಕೊಳೆಸಿ, ಯಾವ ಋತುವಿನಲ್ಲಿ ಎಂಬುದು ಅಳಿದರೆ ಆ ದಾಖಲೆ ಅರ್ಧಸತ್ಯವಾಗುತ್ತದೆ.

ಸಿಮೆಂಟು ವ್ಯಾಪಕವಾದ ಮೇಲೆ ಸುಣ್ಣದ ಗಾರೆಯ ಕುಶಲಕರ್ಮಿಗಳ ಸಂಖ್ಯೆ ಕುಗ್ಗಿದೆ. ಹಿಡಿ, ಬೊಗಸೆ, ಕೊಡಗಳ ಅಳತೆಯಲ್ಲಿದ್ದ, ಬೆರಳಿಗೆ ಅಂಟುವ ಹದದಿಂದ ತೀರ್ಮಾನವಾಗುತ್ತಿದ್ದ ಅವರ ಅರಿವು ಬರಹಕ್ಕೆ ಇಳಿದದ್ದು ಅಲ್ಪ. ಪ್ರಯೋಗಾಲಯವು ಲೇಪವೊಂದರ ಹೀರಿಕೆ, ಬಲ, ಬಾಳಿಕೆಗಳನ್ನು ಅಳೆಯಬಲ್ಲದು. ಅದನ್ನು ರೂಪಿಸಿದ ನಿರ್ಣಯಗಳನ್ನು ಕುಶಲಕರ್ಮಿಯಿಂದಲೇ ಕೇಳಿ ತಿಳಿಯಬೇಕು. ಕ್ಷೇತ್ರಕಾರ್ಯದಲ್ಲಿ ವಸ್ತುವಿನ ಹೆಸರಿನೊಂದಿಗೆ ಪ್ರಮಾಣ, ಕಾಲ, ಹದದ ಪರೀಕ್ಷೆ ಮತ್ತು ಬಳಕೆಯ ಸ್ಥಳವನ್ನೂ ದಾಖಲಿಸಿದಾಗ ಮಾತ್ರ ಜಾನಪದ ಅಧ್ಯಯನವು ಅಭಿಯಂತರ ವಿಜ್ಞಾನಕ್ಕೆ ನಂಬಲರ್ಹವಾದ ಆಕರವನ್ನು ಒದಗಿಸಬಲ್ಲದು.