ಮರವೇರುವವರ ವಿಶ್ವಸ್ಪರ್ಧೆ

ಮರ ಹತ್ತುವುದರಲ್ಲಿಯೂ ವಿಶ್ವಮಟ್ಟದ ಸ್ಪರ್ಧೆಯೊಂದಿದೆ ಎಂದರೆ ಅಡಿಕೆ, ತೆಂಗಿನ ತೋಟಗಳ ಮಧ್ಯೆ ಬಾಲ್ಯವನ್ನು ಕಳೆದು ಮುಂಬಯಿ ಸೇರಿದ ನಮ್ಮ ಹಿರಿಯರಿಗೆ ನಗು ಬಂದೀತು. ಅವರು ಕಂಡಂತೆ ಅದು ದುಡಿಮೆ, ಆಟವಲ್ಲ. ವಾಸ್ತವವಾಗಿ ಈ ಸ್ಪರ್ಧೆಯ ಹುಟ್ಟಿಗೂ ದುಡಿಮೆಯೇ ಕಾರಣ.

ಪಾಶ್ಚಾತ್ಯ ನಗರಗಳಲ್ಲಿ ಮರಗಳ ಆರೈಕೆಯನ್ನೇ ವೃತ್ತಿಯಾಗಿಸಿಕೊಂಡವರನ್ನು ಆರ್ಬರಿಸ್ಟ್ ಎನ್ನುತ್ತಾರೆ. ವೃಕ್ಷಪಾಲಕರೆಂದು ನಾವು ಕರೆಯಬಹುದು. 1924ರಲ್ಲಿ ಬೇರೊಂದು ಹೆಸರಿನಿಂದ ಆರಂಭಗೊಂಡ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬರಿಕಲ್ಚರ್ ಇವರ ಸಂಸ್ಥೆ. ಅದರ ಆಶ್ರಯದಲ್ಲಿ ಮೊದಲ ಸ್ಪರ್ಧೆ 1976ರಲ್ಲಿ ಅಮೆರಿಕೆಯ ಸೇಂಟ್ ಲೂಯಿಸ್ ನಗರದಲ್ಲಿ ಜರುಗಿತು. ಸುರಕ್ಷಿತವಾಗಿ ಕೆಲಸ ಮಾಡುವ ಕ್ರಮವನ್ನು ಕಲಿಸುವುದು, ಮರದ ಮೇಲೆ ಸಿಲುಕಿದ ಸಹೋದ್ಯೋಗಿಯನ್ನು ಇಳಿಸುವ ವಿದ್ಯೆಯನ್ನು ಹರಡುವುದು ಅದರ ಉದ್ದೇಶವಾಗಿತ್ತು. ಪ್ರಾದೇಶಿಕ ಶಾಖೆಗಳಲ್ಲಿ ಗೆದ್ದವರು ಅಂತಾರಾಷ್ಟ್ರೀಯ ಕಣಕ್ಕೆ ಬರುತ್ತಾರೆ. ಪುರುಷರಿಗೂ ಮಹಿಳೆಯರಿಗೂ ಪ್ರತ್ಯೇಕ ವಿಭಾಗಗಳಿವೆ. ಜರ್ಮನಿಯ ಬರ್ಂಡ್ ಸ್ಟ್ರಾಸರ್, ಇಂಗ್ಲೆಂಡಿನ ಜೋಸೆಫೀನ್ ಹೆಡ್ಜರ್ ಅನೇಕ ಬಾರಿ ಪ್ರಶಸ್ತಿ ಪಡೆದವರು.

ಪ್ರಾಥಮಿಕ ಸುತ್ತಿನಲ್ಲಿ ಐದು ಪರೀಕ್ಷೆಗಳು. ಎತ್ತರದ ಕವಲಿಗೆ ತೂಕದ ಪುಟ್ಟ ಚೀಲ ಕಟ್ಟಿದ ದಾರವನ್ನು ಎಸೆಯುವುದು, ಹಗ್ಗ ಹಿಡಿದು ಮೇಲೇರುವುದು, ನಿಗದಿತ ಹಾದಿಯಲ್ಲಿ ಶೀಘ್ರವಾಗಿ ಹತ್ತುವುದು ಇವುಗಳಲ್ಲಿ ಮೂರು. ನೋಡುಗರನ್ನು ಹೆಚ್ಚು ಸೆಳೆಯುವುದು ಕೆಲಸದ ಏರಿಕೆ. ಸ್ಪರ್ಧಾಳು ಮರದ ಬೇರೆ ಬೇರೆ ಭಾಗಗಳಲ್ಲಿ ತೂಗುಹಾಕಿದ ಗಂಟೆಗಳನ್ನು ಕೈಗರಗಸದಿಂದಲೋ ಕೋಲುಗರಗಸದಿಂದಲೋ ಬಾರಿಸುತ್ತ ಸಾಗಬೇಕು. ಒಂದೆಡೆ ಕೆಳಗಿನ ಗುರಿಗೆ ಕೊಂಬೆಯ ತುಂಡನ್ನು ಎಸೆಯಬೇಕು. ಎಸೆಯುವ ಮುನ್ನ ಕೆಳಗಿದ್ದವರಿಗೆ ಕೂಗಿ ಎಚ್ಚರಿಸದಿದ್ದರೆ ಅಂಕ ಕಡಿತ! ಮತ್ತೊಂದೆಡೆ ಅಡ್ಡಕೊಂಬೆಯ ಮೇಲೆ ತುದಿಯವರೆಗೆ ನಡೆಯಬೇಕು. ಮೈಭಾರವನ್ನು ಹಗ್ಗಕ್ಕೆ ಬಿಡದೆ ಕೊಂಬೆಯ ಮೇಲೆ ಹೇರಿದರೆ ಅಲ್ಲಿಯೂ ನಷ್ಟ. ಬರಿಯ ವೇಗಕ್ಕೆ ಇಲ್ಲಿ ಬೆಲೆಯಿಲ್ಲವೆಂಬುದು ನನಗೆ ಬಹಳ ಮೆಚ್ಚುಗೆಯಾದ ಅಂಶ.

ಐದನೆಯದು ರಕ್ಷಣಾ ಪರೀಕ್ಷೆ. ಮೇಲೆ ಗಾಯಗೊಂಡು ನೇತಾಡುತ್ತಿರುವ ಕಾರ್ಮಿಕನ ಬದಲಿಗೆ ಮನುಷ್ಯಾಕಾರದ ಬೊಂಬೆಯೊಂದಿರುತ್ತದೆ. ಮರದ ಸ್ಥಿತಿಯನ್ನು ಪರಿಶೀಲಿಸಿ, ಸಹಾಯಕ್ಕೆ ಕರೆ ಕಳುಹಿಸಿ, ಮೇಲೇರಿ, ಗಾಯಾಳುವಿನೊಡನೆ ಮಾತನಾಡಿ, ಆತನನ್ನು ಜೋಪಾನವಾಗಿ ನೆಲಕ್ಕೆ ತರಬೇಕು. ಪ್ರಜ್ಞೆ ತಪ್ಪಿ ಪಟ್ಟಿಗಳಲ್ಲಿ ಅಲುಗದೆ ತೂಗುವವನ ಕಾಲುಗಳಿಂದ ರಕ್ತ ಹಿಂದಿರುಗುವುದು ಕಷ್ಟವಾಗಿ ಜೀವಕ್ಕೇ ಅಪಾಯವಾಗಬಹುದು. ಅಗ್ನಿಶಾಮಕ ದಳದವರು ಬರುವವರೆಗೂ ಕಾಯುವಂತಿಲ್ಲ. ಮೊದಲು ತಲುಪಬಲ್ಲವನು ಕೆಳಗೆ ನಿಂತಿರುವ ಜೊತೆಗಾರನೇ.

ಹೆಚ್ಚು ಅಂಕ ಗಳಿಸಿದವರು ಅಂತಿಮ ಸುತ್ತನ್ನು ಪ್ರವೇಶಿಸುತ್ತಾರೆ. ಅಲ್ಲಿ ತಾವೇ ಮರವನ್ನು ಪರೀಕ್ಷಿಸಿ, ತಾವೇ ಹಗ್ಗ ಹಾಕಿ, ನಿಗದಿತ ಕೆಲಸಗಳನ್ನು ಪೂರೈಸಬೇಕು. ಮರಕ್ಕೆ ಗಾಯ ಮಾಡುವ ಮೊಳೆಪಾದರಕ್ಷೆಗೆ ಅವಕಾಶವಿಲ್ಲ. ಉಳಿಸಬೇಕಾದ ಮರದ ತೊಗಟೆಗೆ ಚುಚ್ಚಬಾರದೆಂಬುದು ಈ ವೃತ್ತಿಯ ಮೂಲನಿಯಮ.

ನಮ್ಮ ಅಡಿಕೆ ಕೊಯ್ಯುವವರು ಒಂದು ಮರದ ತುದಿಯಿಂದ ಇನ್ನೊಂದನ್ನು ಬಾಗಿಸಿ ಹಿಡಿದು ದಾಟುವ ಕೌಶಲ ಇವರಿಗಿಂತ ಕಡಿಮೆಯದಲ್ಲ. ಕೊರತೆಯಿರುವುದು ಹಗ್ಗ, ಪಟ್ಟಿ ಮತ್ತು ತರಬೇತಿಯಲ್ಲಿ. ಮುಂಬಯಿಯಲ್ಲೂ ಪರಿಸ್ಥಿತಿ ಬಹಳ ಭಿನ್ನವಲ್ಲ. ಇಲ್ಲಿ ವಸತಿ ಸೊಸೈಟಿಯ ಆವರಣದ ಮರಗಳನ್ನು ಮಳೆಗಾಲಕ್ಕೆ ಮುನ್ನ ಸವರಿಸಲು ಮಹಾನಗರಪಾಲಿಕೆಯ ಅನುಮತಿ ಬೇಕು. 1975ರ ಮಹಾರಾಷ್ಟ್ರ ಕಾಯಿದೆಯು ನಗರದ ಮರಗಳಿಗೆ ರಕ್ಷಣೆ ನೀಡಿದೆ. ಅನುಮತಿ ದೊರೆತ ಮೇಲೆ ಗುತ್ತಿಗೆದಾರನೊಡನೆ ದರದ ಚೌಕಾಶಿ ನಡೆಸುವ ನಮ್ಮ ಕಾರ್ಯದರ್ಶಿಗಳು ಇನ್ನೆರಡು ಪ್ರಶ್ನೆಗಳನ್ನು ಕೇಳುವುದು ಒಳಿತು: ಮೇಲೇರುವವನಿಗೆ ಸೊಂಟದ ಪಟ್ಟಿಯಿದೆಯೇ? ಅವನು ಮೇಲೆ ಸಿಲುಕಿದರೆ ಹತ್ತಿ ಇಳಿಸಬಲ್ಲ ಎರಡನೆಯವನು ಸ್ಥಳದಲ್ಲಿರುತ್ತಾನೆಯೇ?