ಶಾಲೆಗೆ ಬಂದರೆ ಮಾತ್ರ ಫುಟಿ

ಪರ್ತ್ ಅಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ವಾಕಾ ಮೈದಾನ. 2008ರ ಜನವರಿ 17ರಂದು ಅನಿಲ್ ಕುಂಬ್ಳೆ ತಮ್ಮ 600ನೇ ಟೆಸ್ಟ್ ವಿಕೆಟ್ ಪಡೆದದ್ದು ಅಲ್ಲೇ. ಔಟಾದವರು ಆಂಡ್ರ್ಯೂ ಸೈಮಂಡ್ಸ್, ಕ್ಯಾಚ್ ಹಿಡಿದವರು ರಾಹುಲ್ ದ್ರಾವಿಡ್. ಬೆಂಗಳೂರಿನವರಿಬ್ಬರ ಹೆಸರೂ ಒಂದೇ ಸಾಲಿನಲ್ಲಿ ಸೇರಿಕೊಂಡ ಆ ಸ್ಕೋರ್‌ಕಾರ್ಡನ್ನು ಕತ್ತರಿಸಿ ಇಟ್ಟುಕೊಂಡವರು ನಮ್ಮಲ್ಲಿ ಎಷ್ಟು ಮಂದಿಯೋ! ಅದರ ಹಿಂದಿನ ಸಿಡ್ನಿ ಟೆಸ್ಟ್‌ನಲ್ಲಿ ಹರಭಜನ್ ಸಿಂಗ್ ಮೇಲೆ ಜನಾಂಗೀಯ ನಿಂದನೆಯ ಆರೋಪ ಬಂದು (ಮುಂದೆ ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ) ಎರಡೂ ದೇಶಗಳು ಕುದಿಯುತ್ತಿದ್ದ ದಿನಗಳವು. ನಿಂದನೆಗೆ ಗುರಿಯಾದೆ ಎಂದವರು ಇದೇ ಸೈಮಂಡ್ಸ್.

ಇದಾಗಿ ತಿಂಗಳು ತುಂಬುವ ಮೊದಲೇ, ಫೆಬ್ರವರಿ 13ರಂದು, ಆಸ್ಟ್ರೇಲಿಯಾದ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಎದ್ದು ನಿಂತು ಆ ನೆಲದ ಮೂಲನಿವಾಸಿಗಳ ಕ್ಷಮೆ ಕೇಳಿದರು. ತಾಯಂದಿರ ಮಡಿಲಿಂದ ಸರ್ಕಾರ ಎತ್ತಿಕೊಂಡು ಹೋದ ಮಕ್ಕಳಿಗಾಗಿ, ಆ ತಾಯಂದಿರಿಗಾಗಿ. ಕ್ರಿಕೆಟ್ ಜಗಳ ನೆನಪಿರುವಷ್ಟು ಈ ಕ್ಷಮಾಪಣೆ ನಮಗೆ ನೆನಪಿಲ್ಲ, ಇರಲಿ. ಆದರೆ ಪರ್ತ್‌ನಲ್ಲೇ, ವಾಕಾದಿಂದ ತೆಂಕಣಕ್ಕೆ ಸ್ವಲ್ಪ ದೂರದಲ್ಲಿ, ಕ್ಯಾನಿಂಗ್ ನದಿಯ ದಂಡೆಯ ವಾಟರ್‌ಫರ್ಡ್ ಬಡಾವಣೆಯಲ್ಲಿ ಕ್ಲಾಂಟಾರ್ಫ್ ಎಂಬ ಪ್ರೌಢಶಾಲೆಯೊಂದಿದೆ. ಸಂಸತ್ತು ಕ್ಷಮೆ ಕೇಳುವ ಎಂಟು ವರ್ಷ ಮೊದಲೇ ಆ ಶಾಲೆ ತನ್ನದೇ ದಾರಿಯಲ್ಲಿ ಸಾಮರಸ್ಯದ ಕೆಲಸಕ್ಕೆ ಕೈಹಾಕಿತ್ತು. ಅದರ ಬಂಡವಾಳ ಒಂದು ಮೊಟ್ಟೆಯಾಕಾರದ ಚೆಂಡು.

ನಿಜ ಹೇಳಬೇಕೆಂದರೆ ನಾನು ಈ ಶಾಲೆಯ ಜಾಡು ಹಿಡಿದದ್ದು ಶಾಲೆಗಾಗಿ ಅಲ್ಲ, ಗ್ರಹಾಂ ಫಾರ್ಮರ್ ಎಂಬ ಆಟಗಾರನ ಬೆನ್ನು ಹತ್ತಿ. ಊರವರೆಲ್ಲ ಅವರನ್ನು ಕರೆಯುತ್ತಿದ್ದುದು 'ಪಾಲಿ' ಎಂದು. ಚಿಕ್ಕಂದಿನಲ್ಲಿ ಗಿಳಿಯ ಹಾಗೆ ವಟಗುಟ್ಟುತ್ತಿದ್ದರಂತೆ, ಅದಕ್ಕೆ ಆ ಹೆಸರು.

ಪಾಲಿ ಹುಟ್ಟಿದ್ದು 1935ರ ಮಾರ್ಚ್‌ನಲ್ಲಿ, ನೂಂಗರ್ ಎಂಬ ಮೂಲನಿವಾಸಿ ಸಮುದಾಯದ ತಾಯಿಯ ಮಗನಾಗಿ. ಎರಡು ವರ್ಷ ತುಂಬುವ ಮೊದಲೇ ಪರ್ತ್‌ನ ಕ್ವೀನ್ಸ್ ಪಾರ್ಕ್‌ನಲ್ಲಿದ್ದ 'ಸಿಸ್ಟರ್ ಕೇಟ್ಸ್' ಅನಾಥಾಲಯ ಸೇರಿದರು. ಅನಾಥಾಲಯ ಎನ್ನುವುದು ಹೆಸರಿಗೆ. ಅಲ್ಲಿದ್ದ ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮ ಇದ್ದರು. ಆಗ ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1905ರ ಕಾಯಿದೆಯೊಂದು ಜಾರಿಯಲ್ಲಿತ್ತು. ಅದರ ಪ್ರಕಾರ ಹದಿನಾರರೊಳಗಿನ ಪ್ರತಿಯೊಂದು ಮೂಲನಿವಾಸಿ ಮಗುವಿಗೂ ಕಾನೂನುಬದ್ಧ ಪೋಷಕ ಹೆತ್ತವರಲ್ಲ, 'ಮುಖ್ಯ ಸಂರಕ್ಷಕ' ಎಂಬ ಸರ್ಕಾರಿ ಅಧಿಕಾರಿ. 1915ರಿಂದ 1940ರವರೆಗೆ ಆ ಕುರ್ಚಿಯಲ್ಲಿ ಕೂತವರು ಎ. ಒ. ನೆವಿಲ್. ಮೈಬಣ್ಣ ತಿಳಿಯಾಗಿರುವ ಮಕ್ಕಳನ್ನು ಕುಟುಂಬದಿಂದ ಬಿಡಿಸಿ ಬೆಳೆಸಿದರೆ ಮುಂದಿನ ತಲೆಮಾರುಗಳಲ್ಲಿ ಬಿಳಿಯರೊಳಗೆ ಕರಗಿಹೋಗುತ್ತಾರೆ ಎಂಬುದು ಅವರ ಲೆಕ್ಕಾಚಾರ. 1933ರಲ್ಲಿ ಶುರುವಾದ ಸಿಸ್ಟರ್ ಕೇಟ್ಸ್‌ಗೆ ಇಂಥ ಮಕ್ಕಳನ್ನೇ ಆರಿಸಿ ಕಳಿಸುತ್ತಿದ್ದರು.

ಅಲ್ಲಿ ಬೆಳೆದ ಹುಡುಗನಿಗೆ ಪೋಲಿಯೋ ಬಡಿಯಿತು. ಒಂದು ಕಾಲು ಇನ್ನೊಂದಕ್ಕಿಂತ ತುಸು ಗಿಡ್ಡವಾಗಿ ಉಳಿಯಿತು. ಆ ಕಾಲಿನಲ್ಲೇ ಅವರು ಆಡಿದ್ದು 'ರಕ್‌ಮನ್' ಸ್ಥಾನದಲ್ಲಿ. ಆಸ್ಟ್ರೇಲಿಯನ್ ಫುಟ್‌ಬಾಲ್ (ಅಲ್ಲಿನವರ ಬಾಯಲ್ಲಿ 'ಫುಟಿ') ನೋಡದವರಿಗೆ ಇಷ್ಟು ಹೇಳಬೇಕು: ಮೈದಾನ ಕ್ರಿಕೆಟ್ಟಿನದೇ, ತಂಡಕ್ಕೆ ಹದಿನೆಂಟು ಜನ, ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಅಂಕ, ಪಕ್ಕದ ಸಂದಿಯಲ್ಲಿ ಹೋದರೆ ಒಂದು. ಪಾಲಿಯ ಕಾಲದಲ್ಲಿ ಅಂಪೈರ್ ಚೆಂಡನ್ನು ನೆಲಕ್ಕೆ ಬಡಿದು ಮೇಲೆ ಹಾರಿಸುತ್ತಿದ್ದ. ಎರಡೂ ತಂಡದ ರಕ್‌ಮನ್‌ಗಳು ಒಬ್ಬರ ಮೈಮೇಲೊಬ್ಬರು ಎಗರಿ ಅದನ್ನು ತಮ್ಮವರ ಕಡೆಗೆ ತಟ್ಟಬೇಕಿತ್ತು. ಎಲ್ಲರಿಗಿಂತ ಎತ್ತರಕ್ಕೆ ಜಿಗಿಯಬೇಕಾದ ಆ ಜಾಗಕ್ಕೆ ಬಂದು ನಿಂತದ್ದು ಕಾಲು ಗಿಡ್ಡ ಇದ್ದ ಈ ಹುಡುಗ!

ಈ ಆಟದಲ್ಲಿ ಚೆಂಡನ್ನು ಎಸೆಯುವಂತಿಲ್ಲ. ಒಂದು ಅಂಗೈಯಲ್ಲಿ ಇಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಕಳಿಸಬೇಕು. ಇದಕ್ಕೆ ಹ್ಯಾಂಡ್‌ಬಾಲ್ ಎನ್ನುತ್ತಾರೆ. ಪಾಲಿಯ ಕಾಲದವರೆಗೆ ಅದು ಸಿಕ್ಕಿಹಾಕಿಕೊಂಡವನು ತಪ್ಪಿಸಿಕೊಳ್ಳುವ ಉಪಾಯ ಮಾತ್ರವಾಗಿತ್ತು. ಅವರು ಅದನ್ನು ದಾಳಿಯ ಅಸ್ತ್ರ ಮಾಡಿದರು. ನಿಲ್ಲಿಸಿದ ಕಾರಿನ ಇಳಿಸಿದ ಕಿಟಕಿಗೆ ಗುರಿಯಿಟ್ಟು ಗುದ್ದಿ ಗುದ್ದಿ ಅಭ್ಯಾಸ ಮಾಡುತ್ತಿದ್ದರು ಎಂಬ ಕಥೆ ಇವತ್ತಿಗೂ ಅಲ್ಲಿನ ತರಬೇತುದಾರರ ಬಾಯಲ್ಲಿದೆ. 1953ರಿಂದ 1971ರವರೆಗೆ ಈಸ್ಟ್ ಪರ್ತ್, ಜೀಲಾಂಗ್, ವೆಸ್ಟ್ ಪರ್ತ್ ತಂಡಗಳಿಗೆ 356 ಪಂದ್ಯ, ಆರು ಚಾಂಪಿಯನ್‌ಷಿಪ್. ಪರ್ತ್ ನಗರದ ಮಧ್ಯೆ ಹಾಯುವ ಹೆದ್ದಾರಿಗೆ ಅವರದೇ ಹೆಸರು. ಅದರ ಸುರಂಗವನ್ನು ಜನ ಸಲಿಗೆಯಿಂದ 'ಪಾಲಿ ಪೈಪ್' ಎನ್ನುತ್ತಾರೆ. ಆದರೆ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು 1994ರಲ್ಲಿ ಅವರ ಹೆಸರಿನಲ್ಲಿ ಹುಟ್ಟಿದ ಪ್ರತಿಷ್ಠಾನ. ಅದು ಮೂಲನಿವಾಸಿ ಮಕ್ಕಳ ಓದಿಗೆ ನೆರವಾಗುತ್ತದೆ. ಆಟದಿಂದ ಹೆಸರು ಗಳಿಸಿದವರು ಆ ಹೆಸರನ್ನು ಆಟಕ್ಕೆ ಕೊಡದೆ ಪಾಠಕ್ಕೆ ಕೊಟ್ಟರು.

ಇನ್ನು ಕ್ಲಾಂಟಾರ್ಫ್‌ಗೆ ಬರೋಣ. ಸಿಸ್ಟರ್ ಕೇಟ್ಸ್‌ನಿಂದ ಅದೇನೂ ದೂರವಿಲ್ಲ, ಚರಿತ್ರೆಯೂ ಅಷ್ಟೇ ಹತ್ತಿರದ್ದು. ಕ್ರಿಶ್ಚಿಯನ್ ಬ್ರದರ್ಸ್ ಸಂಘ 1901ರಲ್ಲಿ ಇಲ್ಲಿ ಗಂಡುಮಕ್ಕಳ ಅನಾಥಾಲಯ ತೆರೆಯಿತು. ಬ್ರಿಟನ್ ಮತ್ತು ಮಾಲ್ಟಾದಿಂದ ಹಡಗು ಹತ್ತಿಸಿ ಕಳಿಸಿದ ಬಡಮಕ್ಕಳೂ ಇಲ್ಲಿಗೆ ಬಂದರು. ಅವರ ಮೇಲೆ ನಡೆದ ಹೊಡೆತ ಬಡಿತ, ಲೈಂಗಿಕ ದೌರ್ಜನ್ಯಗಳಿಗಾಗಿ ಸಂಘವೇ 1993ರಲ್ಲಿ ಕ್ಷಮೆ ಕೇಳಿತು. 2014ರಲ್ಲಿ ರಾಯಲ್ ಕಮಿಷನ್ ಎಂಬ ತನಿಖಾ ಆಯೋಗ ಸಾರ್ವಜನಿಕ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿತು. ಅನಾಥಾಲಯ ಮುಚ್ಚಿದ ಮೇಲೆ 1986ರಲ್ಲಿ ಅದೇ ಆವರಣದಲ್ಲಿ ಮೂಲನಿವಾಸಿ ಹುಡುಗ ಹುಡುಗಿಯರ ಪ್ರೌಢಶಾಲೆ ಶುರುವಾಯಿತು. ಗೋಡೆಗೆ ಸುಣ್ಣ ಬಳಿದರೆ ಇಂಥ ಚರಿತ್ರೆ ಮುಚ್ಚುವುದಿಲ್ಲ. ಅಜ್ಜಿಯನ್ನು ಹೊತ್ತೊಯ್ದ ವ್ಯವಸ್ಥೆಯೇ ಮೊಮ್ಮಗನನ್ನು ಶಾಲೆಗೆ ಕಳಿಸು ಎಂದರೆ ಯಾವ ಮನೆಯವರು ತಾನೇ ತಟಕ್ಕನೆ ನಂಬುತ್ತಾರೆ? 1910ರಿಂದ 1970ರವರೆಗೆ ಮೂಲನಿವಾಸಿ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರಿಂದ ಮೂವರಿಗೆ ಒಬ್ಬರವರೆಗೆ ಮನೆಯಿಂದ ಬೇರ್ಪಟ್ಟಿದ್ದರೆಂದು 1997ರ ರಾಷ್ಟ್ರೀಯ ವಿಚಾರಣಾ ವರದಿ ಹೇಳಿತು. ಹೀಗಾಗಿ ಶಾಲೆ ತಪ್ಪಿಸುವ ಹುಡುಗನನ್ನು ಸೋಮಾರಿ ಎಂದು ಬೈದು ಮುಗಿಸುವಂತಿರಲಿಲ್ಲ.

ಇಲ್ಲಿಗೆ ಬಂದವರು ಜೆರಾರ್ಡ್ ನೀಶಮ್. ಫ್ರೀಮ್ಯಾಂಟಲ್ ಡಾಕರ್ಸ್ ತಂಡದ ಮೊಟ್ಟಮೊದಲ ಕೋಚ್. 1998ರಲ್ಲಿ ಆ ಹುದ್ದೆ ಕಳೆದುಕೊಂಡಿದ್ದರು. 2000ದಲ್ಲಿ ಇಪ್ಪತ್ತೈದು ಹುಡುಗರನ್ನು ಕಟ್ಟಿಕೊಂಡು ಶಾಲೆಯೊಳಗೇ ಫುಟ್‌ಬಾಲ್ ಅಕಾಡೆಮಿ ತೆರೆದರು. ನಿಯಮ ಒಂದೇ: ಶಾಲೆಗೆ ಬರದವನಿಗೆ ಫುಟಿ ಇಲ್ಲ. ಶನಿವಾರದ ಮ್ಯಾಚ್ ಆಡಬೇಕೆಂದರೆ ವಾರವಿಡೀ ತರಗತಿಯಲ್ಲಿ ಕೂತಿರಬೇಕು. ಚಾಂಪಿಯನ್ನರನ್ನು ತಯಾರಿಸುವುದು ತಮ್ಮ ಕೆಲಸವಲ್ಲ ಎಂದು ಸಂಸ್ಥೆ ಮೊದಲಿನಿಂದಲೂ ಹೇಳಿಕೊಂಡು ಬಂದಿದೆ. ಚೆಂಡು ಬರೀ ಗಾಳ. ಗಾಳಕ್ಕೆ ಸಿಕ್ಕವನು ಹನ್ನೆರಡನೆಯ ತರಗತಿ ಮುಗಿಸಿ ಕೆಲಸಕ್ಕೆ ಸೇರುವವರೆಗೆ ಬಿಡುವುದಿಲ್ಲ.

ನನ್ನ ಕಣ್ಣು ನೆಟ್ಟದ್ದು ಅದರ ವ್ಯಾನಿನ ಮೇಲೆ. ಅಕಾಡೆಮಿಯ ಸಿಬ್ಬಂದಿ ಬೆಳಿಗ್ಗೆ ಬೇಗ ವ್ಯಾನ್ ತೆಗೆದುಕೊಂಡು ಮನೆಮನೆಗೆ ಹೋಗುತ್ತಾರೆ. ಏಳದವನನ್ನು ಎಬ್ಬಿಸಿ, ಹತ್ತಿಸಿಕೊಂಡು ಬರುತ್ತಾರೆ. ಮೊದಲು ಮೈದಾನದಲ್ಲಿ ಕಸರತ್ತು, ಆಮೇಲೆ ಸ್ನಾನ, ತಿಂಡಿ, ಗಂಟೆ ಬಾರಿಸಿದ ಮೇಲೆ ತರಗತಿ. ವ್ಯಾನ್ ಓಡಿಸುವವನು ಅನೇಕ ಕಡೆ ಮಾಜಿ ಆಟಗಾರ ಅಥವಾ ಮಾಜಿ ಮೇಷ್ಟ್ರು. ಯಾವ ಮನೆಯಲ್ಲಿ ಸಾವಾಗಿದೆ, ಯಾರ ಅಮ್ಮನಿಗೆ ಹುಷಾರಿಲ್ಲ, ಯಾರು ರಾತ್ರಿ ಉಂಡಿಲ್ಲ ಎಂಬುದೆಲ್ಲ ಮುಖ್ಯೋಪಾಧ್ಯಾಯರಿಗಿಂತ ಮೊದಲು ತಿಳಿಯುವುದು ಅವನಿಗೆ. ಮುಖ್ಯ ಸಂರಕ್ಷಕರ ಕಾಲದಲ್ಲೂ ಇದೇ ಮನೆಗಳ ಮುಂದೆ ಸರ್ಕಾರದ ವಾಹನ ಬಂದು ನಿಲ್ಲುತ್ತಿತ್ತು, ತಾಯಂದಿರು ಮಕ್ಕಳನ್ನು ಪೊದೆಯಲ್ಲಿ ಅಡಗಿಸುತ್ತಿದ್ದರು. ಇಂದಿನ ವ್ಯಾನು ಸಂಜೆ ಹುಡುಗನನ್ನು ಮನೆಗೆ ವಾಪಸು ತಂದುಬಿಡುತ್ತದೆ. ಸಮಿತಿ, ಸಮಾರಂಭಗಳಿಂದ ಹುಟ್ಟದ ನಂಬಿಕೆ ದಿನಾ ಎರಡು ಸಲ ಬಾಗಿಲಿಗೆ ಬರುವ ಈ ವ್ಯಾನಿನಿಂದ ಹುಟ್ಟಿತು ಎಂದೇ ನನ್ನ ತೀರ್ಮಾನ.

ಇಪ್ಪತ್ತೈದು ಹುಡುಗರಿಂದ ಶುರುವಾದದ್ದು ಈಗ ದೇಶದುದ್ದಕ್ಕೂ ಹತ್ತು ಸಾವಿರ ಮೀರಿದೆ. ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್‌ಗಳಲ್ಲಿ ಫುಟಿಯ ಜಾಗದಲ್ಲಿ ರಗ್ಬಿ ಲೀಗ್. ಅಲ್ಲಿನ ಹುಡುಗರಿಗೆ ಅದೇ ಪ್ರಾಣ. ಖರ್ಚನ್ನು ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಖಾಸಗಿ ದಾನಿಗಳು ಹಂಚಿಕೊಳ್ಳುತ್ತಾರೆ.

ಉಳಿದ ಶಾಲೆಗಳ ಕಥೆ? ಪ್ರತಿವರ್ಷ ಮೇ 27ರಿಂದ ಜೂನ್ 3ರವರೆಗೆ ದೇಶದ ಶಾಲೆಗಳಲ್ಲಿ ಸಾಮರಸ್ಯ ಸಪ್ತಾಹ. ಎರಡೂ ತುದಿಯ ದಿನಗಳಿಗೆ ಅರ್ಥವಿದೆ. 1967ರ ಮೇ 27ರಂದು ಮೂಲನಿವಾಸಿಗಳನ್ನೂ ದೇಶದ ಜನಗಣತಿಯಲ್ಲಿ ಎಣಿಸಬೇಕೆಂಬ ಜನಮತಕ್ಕೆ ಶೇ. 90ಕ್ಕೂ ಹೆಚ್ಚು ಮಂದಿ ಹೌದೆಂದರು. 1992ರ ಜೂನ್ 3ರಂದು ಮಾಬೊ ಪ್ರಕರಣದಲ್ಲಿ ಹೈಕೋರ್ಟ್, ಬಿಳಿಯರು ಬರುವ ಮೊದಲು ಈ ನೆಲ ಯಾರದೂ ಆಗಿರಲಿಲ್ಲ ಎಂಬ ಹಳೆಯ ವಾದವನ್ನು ತಳ್ಳಿಹಾಕಿತು. ಆ ವಾರ ಹಿರಿಯರು ಬಂದು ಹಸಿ ಎಲೆಗಳ ಹೊಗೆ ಹಾಕಿ ಸ್ವಾಗತಿಸುತ್ತಾರೆ, ಮಕ್ಕಳು ಮೂಲನಿವಾಸಿ ಚಿತ್ರಗಳ ಜೆರ್ಸಿ ತೊಟ್ಟು ಪಂದ್ಯ ಆಡುತ್ತಾರೆ. ನಮ್ಮ ಷಡೃತುಗಳ ಹಾಗೆ ನೂಂಗರ್ ಜನರಿಗೂ ಆರು ಋತು. ಜೂನ್ ಹೊತ್ತಿಗೆ ಮಕುರು ಎಂಬ ಮಳೆ ಚಳಿಯ ಋತು ಶುರು. ಪರ್ತ್‌ನ ಕನ್ನಡಿಗರ ಮಕ್ಕಳೂ ಶಾಲೆಯಲ್ಲಿ ಇದನ್ನೆಲ್ಲ ಕಲಿಯುತ್ತಾರೆ. ಒಳ್ಳೆಯದೇ. ಆದರೆ ಜೆರ್ಸಿ ತೊಟ್ಟು ಫೋಟೊ ತೆಗೆಸಿಕೊಂಡರೆ ಸಾಲದು ಎನ್ನಲು ಒಂದು ನಿದರ್ಶನ ಕಣ್ಣೆದುರಿಗಿದೆ. 2013ರಲ್ಲಿ, ಮೂಲನಿವಾಸಿ ಆಟಗಾರರನ್ನು ಗೌರವಿಸಲೆಂದೇ ಮೀಸಲಿಟ್ಟ ಸುತ್ತಿನ ಪಂದ್ಯದಲ್ಲಿ, ಗ್ಯಾಲರಿಯಲ್ಲಿದ್ದ ಹದಿಮೂರರ ಹುಡುಗಿಯೊಬ್ಬಳು ಸಿಡ್ನಿ ತಂಡದ ಮೂಲನಿವಾಸಿ ಆಟಗಾರ ಆಡಮ್ ಗುಡ್ಸ್‌ರನ್ನು ಕಪಿ ಎಂದು ಕೂಗಿದಳು. ತಪ್ಪು ಅವಳದಲ್ಲ, ಅವಳಿಗೆ ಬೆಂಬಲ ಬೇಕು ಎಂದು ಗುಡ್ಸ್ ಮಾರನೇ ದಿನವೇ ಹೇಳಿದರು. ಮರುವರ್ಷ 'ವರ್ಷದ ಆಸ್ಟ್ರೇಲಿಯನ್' ಪ್ರಶಸ್ತಿಯೂ ಬಂತು. ಅದಾದ ಮೇಲೆ ಊರೂರ ಮೈದಾನಗಳಲ್ಲಿ ಪ್ರೇಕ್ಷಕರು ಅವರು ಚೆಂಡು ಮುಟ್ಟಿದಾಗಲೆಲ್ಲ ಹುಯಿಲೆಬ್ಬಿಸಿ ಅಣಕಿಸಿದರು. 2015ರಲ್ಲಿ ಅವರು ಆಟವನ್ನೇ ಬಿಟ್ಟರು. ಫುಟಿ ಲೀಗ್ ಕ್ಷಮೆ ಕೇಳಿದ್ದು 2019ರಲ್ಲಿ. ಹದಿಮೂರು ಅಂದರೆ ಪ್ರೌಢಶಾಲೆಯ ವಯಸ್ಸು. ಪಾಠ ಆಗಬೇಕಾದದ್ದು ಕ್ಲಾಂಟಾರ್ಫ್ ಹುಡುಗರಿಗೆ ಮಾತ್ರವಲ್ಲ.

ಕ್ಲಾಂಟಾರ್ಫ್‌ಗೂ ಟೀಕೆ ತಪ್ಪಿಲ್ಲ. ಹಣವೆಲ್ಲ ಗಂಡುಹುಡುಗರ ಕಡೆಗೇ ಹರಿಯುತ್ತದೆ ಎಂಬ ದೂರು ಹಳೆಯದು, ನ್ಯಾಯವಾದದ್ದು. ಪರ್ತ್‌ನ ಬ್ಯಾಸ್ಕೆಟ್‌ಬಾಲ್ ಆಟಗಾರ ರಿಕಿ ಗ್ರೇಸ್ ಹುಡುಗಿಯರಿಗೆಂದು ಅಕಾಡೆಮಿ ಕಟ್ಟಿದರೂ ಅನುದಾನದಲ್ಲಿ ಹುಡುಗರ ಸಮಕ್ಕೆ ಬರಲಾಗಲಿಲ್ಲ. ದೇಶದ ಒಟ್ಟು ಗುರಿಯೂ ಇನ್ನೂ ದೂರವಿದೆ: 2021ರ ಗಣತಿಯಂತೆ 20ರಿಂದ 24ರ ಪ್ರಾಯದ ಮೂಲನಿವಾಸಿಗಳಲ್ಲಿ ಹನ್ನೆರಡನೆಯ ತರಗತಿ ಅಥವಾ ಅದಕ್ಕೆ ಸಮನಾದ ತರಬೇತಿ ಮುಗಿಸಿದವರು ಶೇ. 68ರಷ್ಟು, 2031ಕ್ಕೆ ಸರ್ಕಾರ ಇಟ್ಟುಕೊಂಡ ಗುರಿ ಶೇ. 96. ಈ ನಡುವೆ 2023ರ ಅಕ್ಟೋಬರ್ 14ರಂದು, ಮೂಲನಿವಾಸಿಗಳ ಸಲಹಾ ಮಂಡಳಿಗೆ ಸಂವಿಧಾನದಲ್ಲಿ ಜಾಗ ಕೊಡೋಣವೇ ಎಂದು ಕೇಳಿದ್ದಕ್ಕೆ ಆರೂ ರಾಜ್ಯಗಳು ಬೇಡವೆಂದವು. ಕ್ಷಮೆ ಕೇಳಿದಷ್ಟು ಸುಲಭವಾಗಿ ಪಾಲು ಕೊಡಲು ಜನಕ್ಕೆ ಮನಸ್ಸು ಬರಲಿಲ್ಲ.

ಪಾಲಿ ಫಾರ್ಮರ್ 2019ರ ಆಗಸ್ಟ್‌ನಲ್ಲಿ ತೀರಿಕೊಂಡರು, ಕೊನೆಯ ವರ್ಷಗಳನ್ನು ಮರೆವಿನ ಕಾಯಿಲೆಯಲ್ಲೇ ಕಳೆದು. ಅವರ ಮಿದುಳನ್ನು ಪರೀಕ್ಷಿಸಿದ ವೈದ್ಯರು, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಿಗೆ ಬರುವ ಸಿಟಿಇ ರೋಗ ಅದರಲ್ಲಿ ಇತ್ತೆಂದು 2020ರಲ್ಲಿ ತಿಳಿಸಿದರು. ಆಸ್ಟ್ರೇಲಿಯನ್ ಫುಟ್‌ಬಾಲ್ ಆಟಗಾರರಲ್ಲಿ ಹೀಗೆ ಪತ್ತೆಯಾದ ಮೊದಲಿಗ ಅವರು. ಈಗ ಶಾಲಾ ಹುಡುಗರ ತಲೆಗೆ ಪೆಟ್ಟು ಬಿದ್ದು ಮಂಕಾದರೆ ಕನಿಷ್ಠ 21 ದಿನ ಪಂದ್ಯ ಆಡಿಸಬಾರದು ಎಂಬ ಮಾರ್ಗಸೂಚಿ ಇದೆ. ಸರಿಯಾದದ್ದೇ. ಆದರೆ ಫುಟಿಯ ಆಸೆಗೇ ಶಾಲೆಗೆ ಬರುತ್ತಿದ್ದ ಹುಡುಗ ಆ ಮೂರು ವಾರ ಏನು ಮಾಡುತ್ತಾನೆ? ವ್ಯಾನ್ ಓಡಿಸುವವನು ಅವನ ಮನೆಯ ಬಾಗಿಲನ್ನು ಎಂದಿಗಿಂತ ಹೆಚ್ಚು ಸಲ ತಟ್ಟಬೇಕಾದ ದಿನಗಳು ಅವೇ ಇರಬೇಕು.